ಹಿಂದಿನ ಕಿಟಕಿಯಿಂದ ಹೋಗುವ ತಂಪು

ಸೂರ್ಯ ಇನ್ನೂ ಗೋಳಗುಮ್ಮಟದ ಬೆನ್ನ ಹಿಂದೆಯೇ ಇದ್ದಾನೆ. ವಿಜಾಪುರದ ಜೋಳದ ವ್ಯಾಪಾರಿ ಗುರಲಿಂಗಪ್ಪನವರ ಮನೆಯ ಅಂಗಳದಲ್ಲಿ ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯರೊಬ್ಬರು ಏಣಿ ಏರಿ ನಿಂತಿದ್ದಾರೆ. ಹಲ್ಲಿನ ನಡುವೆ ಸುತಳಿಯ ತುದಿ ಕಚ್ಚಿಕೊಂಡು, ಪಡುವಣ ದಿಕ್ಕಿನ ದೊಡ್ಡ ಕಿಟಕಿಗೆ ಹೊರಗಿನಿಂದ ಒಂದು ಬಿದಿರಿನ ಚೌಕಟ್ಟನ್ನು ಆನಿಸಿ ಬಿಗಿಯುತ್ತಿದ್ದಾರೆ. ಚೌಕಟ್ಟಿನ ತುಂಬ ಕಂದು ಬಣ್ಣದ ಒಣ ಬೇರು. ಲಾವಂಚದ ಬೇರು ಅದು. ಈ ಸೀಮೆಯವರ ಬಾಯಲ್ಲಿ ವಾಳ. ಬೇರು ತುಂಬಿದ ಈ ಚೌಕಟ್ಟಿಗೆ ವಾಳದ ತಟ್ಟಿ ಎನ್ನುತ್ತಾರೆ. ಇದನ್ನು ನೀರಿನಿಂದ ತೋಯಿಸಿಟ್ಟರೆ ಮಧ್ಯಾಹ್ನದ ಸುಡುಗಾಳಿ ಇದರೊಳಗೆ ಹಾಯ್ದು, ಪೊಗರು ಕಳೆದುಕೊಂಡು, ತಂಪಾಗಿ ಕೋಣೆಗೆ ಬರುತ್ತದೆ.

ಅವರ ಕೈ ಅವಸರದಲ್ಲಿದೆ. "ನೀರು ಬೀಳೂದರೊಳಗ ನನ್ನ ಕೆಲಸ ಮುಗೀಬೇಕ್ರಿ" ಎನ್ನುತ್ತಾರೆ, ಸುತಳಿಯನ್ನು ಬಾಯಿಂದ ತೆಗೆದು. "ಒಣಾ ಇದ್ದಾಗ ನಾ ಮುಟ್ಟಬಹುದು. ಹಸಿ ಆತಂದ್ರ ಮುಟ್ಟಂಗಿಲ್ಲ."

ಒಣಗಿದ ವಸ್ತುವಿಗೆ ಮೈಲಿಗೆ ಅಂಟುವುದಿಲ್ಲ, ಒದ್ದೆಗೆ ಅಂಟುತ್ತದೆ ಎಂಬುದು ಊರಿನ ಹಳೆಯ ಲೆಕ್ಕ. ಕೇರಿಯ ಮನುಷ್ಯ ಬೇರು ಅಗೆಯಬಹುದು, ತೊಳೆದು ಒಣಗಿಸಬಹುದು, ಹೆಣೆಯಬಹುದು, ಕಿಟಕಿಗೆ ಕಟ್ಟಬಹುದು. ಮನೆಯ ಬಾವಿಯ ಮೊದಲ ಕೊಡ ಅದರ ಮೇಲೆ ಬಿದ್ದ ಗಳಿಗೆಯಿಂದ ಅದು ಅವನ ಕೈಗೆ ಸಲ್ಲದ್ದು. ಅಸ್ಪೃಶ್ಯತೆ ಅಪರಾಧವೆಂದು ಕಾಯಿದೆಯಾಗಿ ಒಂಬತ್ತು ವರ್ಷವಾಯಿತು. ಆ ಕಾಯಿದೆ ಈ ಅಂಗಳದ ಬಾಗಿಲವರೆಗೆ ಬಂದು, ಚಪ್ಪಲಿ ಬಿಟ್ಟು, ಇನ್ನೂ ಹೊರಗೇ ನಿಂತಂತಿದೆ.

ಮನೆಗೆಲಸದ ಕಾಳವ್ವ ಎರಡು ಕೊಡ ಹೊತ್ತು ಬರುತ್ತಾರೆ. ಅವರನ್ನು ಕಂಡದ್ದೇ ಈ ಮನುಷ್ಯ ಏಣಿಯಿಂದ ಇಳಿದು, ಅಂಗಳದ ಆ ತುದಿಯ ಬೇವಿನ ಮರದವರೆಗೆ ಹಿಂದೆ ಸರಿದು ನಿಲ್ಲುತ್ತಾರೆ. ಕಾಳವ್ವ ಅದೇ ಏಣಿ ಏರಿ ನೀರು ಹೊಡೆಯುತ್ತಾರೆ. ಒಣ ಬೇರು ಮೊದಲು ನೀರನ್ನು ಒಲ್ಲೆ ಎನ್ನುತ್ತದೆ, ಆಮೇಲೆ ಕುಡಿಯತೊಡಗುತ್ತದೆ. ಅಂಗಳದ ತುಂಬ ಮೊದಲ ಮಳೆಯ ವಾಸನೆ. ಬೇರು ನೆನೆದು ಭಾರವಾದಂತೆ ಮೇಲಿನ ಒಂದು ಗಂಟು ಜಗ್ಗಿ, ತಟ್ಟಿ ಒಂದು ಬದಿಗೆ ವಾಲುತ್ತದೆ.

"ಕಾಳಕ್ಕಾ, ಎಡಗಡಿ ಗಂಟು ಸಡ್ಲಾತು. ಹಿಡದು ಜಗ್ಗ್ರಿ. ಹಂಗಲ್ರಿ, ಮ್ಯಾಲಕ್ಕ. ಇನ್ನಷ್ಟು."

"ನನಗ ಬರತೈತಿ ತಗೋ" ಎಂದು ಕಾಳವ್ವ ಗೊಣಗುತ್ತಾರೆ. ಬರುವುದಿಲ್ಲ. ಗಂಟು ಎರಡು ಸಲ ಜಾರಿ, ಮೂರನೆಯ ಸಲ ಹೇಗೋ ಕೂರುತ್ತದೆ. ಮರದ ಕೆಳಗೆ ನಿಂತವರ ಬೆರಳು ಅಷ್ಟು ಹೊತ್ತೂ ಗಾಳಿಯಲ್ಲಿ ತಮ್ಮಷ್ಟಕ್ಕೆ ತಾವೇ ಗಂಟು ಹಾಕುತ್ತಿದ್ದವು.

ಹೊರಡುವ ಮುನ್ನ ಅವರದು ಒಂದೇ ಪ್ರಶ್ನೆ. "ಹಿಂದಿನ ಕಿಡಕಿ ತೆರದೈತಿಲ್ರಿ?"

"ತೆರದೈತೋ ಮಾರಾಯಾ. ಬಂದಾಗೊಮ್ಮೆ ಅದನ್ನ ಕೇಳ್ತಿ."

ಇವರ ಹೆಸರು ಮರೆಪ್ಪ. ಊರು 'ಮರ್ಯಾ' ಎಂದು ಕೂಗುತ್ತದೆ, ಅವರಿಗಿಂತ ಚಿಕ್ಕವರೂ ಕೂಗುತ್ತಾರೆ. ಇಲ್ಲಿ ಮಾತ್ರ ಮರೆಪ್ಪನವರು ಎಂದೇ ಬರೆಯೋಣ. ಪತ್ರಿಕೆಯ ಶಾಯಿಗೆ ನಾಲ್ಕಕ್ಷರ ಹೆಚ್ಚು ಖರ್ಚಾದರೆ ಯಾರ ಗಂಟೂ ಹೋಗುವುದಿಲ್ಲ.

ಗುರಲಿಂಗಪ್ಪನವರ ಮನೆಗೆ ತಟ್ಟಿ ಬಂದದ್ದು ಮುಂಬಯಿಯ ದೆಸೆಯಿಂದ. ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವರ ತಾಯಿ ಶಂಕ್ರೆವ್ವನವರಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು. ಹಾಸಿಗೆ ಹಿಡಿದ ಮುದುಕಿ ವಿಜಾಪುರದ ಬೇಸಿಗೆಯನ್ನು ಹೇಗೆ ಕಳೆದಾಳು ಎಂಬ ಚಿಂತೆ ಮಗನಿಗೆ ಹತ್ತಿತು. ವ್ಯಾಪಾರಕ್ಕೆ ಮುಂಬಯಿಗೆ ಹೋದಾಗ ಅವರು ಒಂದು ದೊಡ್ಡ ಪೇಢಿಯಲ್ಲಿ, ಸಗಟು ವ್ಯಾಪಾರದ ಕಚೇರಿಯಲ್ಲಿ, ತಂಪು ಗಾಳಿ ಊದುವ ಯಂತ್ರವನ್ನು ಕಂಡಿದ್ದರು. ಏರ್ ಕಂಡೀಷನ್ ಅಂತೆ. ವಿಚಾರಿಸಿದರು. ಯಂತ್ರಕ್ಕೇ ಮೂರು ಸಾವಿರದ ಮೇಲೆ. ಅದನ್ನು ರೈಲಿನಲ್ಲಿ ತರಿಸಬೇಕು, ಕಲ್ಲಿನ ಗೋಡೆ ಒಡೆದು ಕೂರಿಸಬೇಕು, ದಪ್ಪ ತಂತಿ ಎಳೆಸಬೇಕು, ಬೇರೆ ಮೀಟರು ಹಾಕಿಸಬೇಕು, ಕೆಟ್ಟರೆ ಸೊಲ್ಲಾಪುರದಿಂದ ಮಿಸ್ತ್ರಿಯನ್ನು ಕರೆಸಬೇಕು. ಇಷ್ಟಾದ ಮೇಲೆ ಊರಲ್ಲಿ ಕರೆಂಟು ಇರಬೇಕು.

"ಅಷ್ಟ ರೊಕ್ಕದಾಗ ಟಿಕೋಟಾ ಕಡೆ ಹೊಲಾ ಬರತೈತ್ರಿ" ಎನ್ನುತ್ತಾರೆ ಗುರಲಿಂಗಪ್ಪನವರು, ಅಂಗಡಿಯ ಗಾದಿಯ ಮೇಲೆ ಕೂತು. "ಅದಕ್ಕ ಮರ್ಯಾನ್ನ ಕರಸಿದ್ವಿ."

ಮನೆಯನ್ನು ತಂಪು ಮಾಡಿಸಬೇಕೆನ್ನುವ ಯಜಮಾನರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಮರೆಪ್ಪನವರ ಬಾಯಿಂದಲೇ ಕೇಳುವುದು ಮೇಲು. ಬಿದಿರು, ಬೇರು, ಸುತಳಿ, ಕಟ್ಟುವ ಕೂಲಿ ಎಲ್ಲ ಸೇರಿ ಒಂದು ದೊಡ್ಡ ಕಿಟಕಿಗೆ ಹದಿನೈದು ರೂಪಾಯಿಯ ಒಳಗೇ ಮುಗಿಯುತ್ತದೆ. ಎಲ್ಲರೂ ಅದನ್ನೇ ಖರ್ಚು ಎಂದುಕೊಳ್ಳುತ್ತಾರೆ. "ಖರೇ ಖರ್ಚು ನೀರಿಂದ್ರಿ. ವಾಳಾ ಒಂದ ಸಲ ತಗೋತೀರಿ. ನೀರು ದಿನಾ ತಾಸಿಗೊಮ್ಮೆ ಬೇಡತೈತಿ. ಅದನ್ನ ಹೊಡ್ಯಾಕ ಒಬ್ಬರ ರಟ್ಟಿ ಬೇಕು." ಅದೂ ಸಿಹಿನೀರೇ ಆಗಬೇಕು. ಈ ಊರಿನ ಅರ್ಧ ಬಾವಿಗಳು ಸವಳು. ಸವಳು ನೀರು ಹೊಡೆದರೆ ಬೇರಿನ ಮೇಲೆ ಉಪ್ಪು ಕಟ್ಟಿ, ಗಾಳಿ ಹಾಯದೆ, ತಟ್ಟಿ ಬರೀ ಗೋಡೆಯಾಗುತ್ತದೆ. ಕಿಟಕಿಯ ಕೆಳಗಿನ ಗಾರೆ ನೆನೆದು ಉದುರುತ್ತದೆ, ಕಿಟಕಿಯ ಮರಕ್ಕೆ ಗೆದ್ದಲು ಬರುತ್ತದೆ. ಮರುವರ್ಷಕ್ಕೆ ಹಳೆಯ ಬೇರು ವಾಸನೆ ಕೊಡುವುದಿಲ್ಲ, ಹೊಸದನ್ನು ತುಂಬಿಸಬೇಕು.

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಅದನ್ನು ಹೇಳುವಾಗ ಮರೆಪ್ಪನವರ ದನಿ ತಗ್ಗುತ್ತದೆ. ತಟ್ಟಿಯ ಎದುರಿನ ಗೋಡೆಯಲ್ಲಿ ಒಂದು ಕಿಟಕಿ ಇರಬೇಕು, ಅದು ತೆರೆದಿರಬೇಕು. "ಹೊರಗ ಹೋಗೂ ಗಾಳಿ ಹೋದರನ ಒಳಗ ಬರೂ ಗಾಳಿ ಬರತೈತ್ರಿ. ತಂಪನ್ನ ಹಿಡದು ಇಟ್ಕೋತೇನಿ ಅಂದ್ರ ಅದು ತಂಪ ಆಗೂದಿಲ್ಲ." ಗುರಲಿಂಗಪ್ಪನವರ ಮನೆಯಲ್ಲಿ ಈ ಹಿಂದಿನ ಕಿಟಕಿ ಮೂಡಣಕ್ಕೆ, ಕೇರಿಯ ಓಣಿಗೆ ತೆರೆಯುತ್ತದೆ. ಮರೆಪ್ಪನವರ ಮನೆಯೂ ಅದೇ ಓಣಿಯಲ್ಲಿದೆ, ಆ ಕಿಟಕಿಗೆ ನೇರ ಎದುರಾಗಿ.

ಮರೆಪ್ಪನವರು ಹುಟ್ಟಿದ್ದು ಟಿಕೋಟಾ ಹತ್ತಿರದ ಬಿಜ್ಜರಗಿಯಲ್ಲಿ. ಹರೆಯದಲ್ಲಿ ಕೂಲಿ ಹುಡುಕಿ ವಿಜಾಪುರಕ್ಕೆ ಬಂದರು. ಆಗ ಸಾಹೇಬರ ಬಂಗಲೆಗಳಿಗೆ ತಟ್ಟಿ ಕಟ್ಟುತ್ತಿದ್ದವರು ಅಬ್ದುಲಗನಿ ಎಂಬ ಮುದುಕರು. ಅವರಿಗೆ ಕಣ್ಣು ಮಂಜಾಗಿತ್ತು, ಏಣಿ ಹಿಡಿಯಲು ಒಬ್ಬರು ಬೇಕಿತ್ತು. ಏಣಿ ಹಿಡಿದವರಿಗೇ ವಿದ್ಯೆ ಬಂತು. "ಚಾಚಾ ಒಂದ ಮಾತು ಹೇಳ್ತಿದ್ರು. ಬೇರಿನ ತುದಿ ಎಲ್ಲಾ ಒಂದ ದಿಕ್ಕಿಗೆ ಇರಲಿ, ನೀರಿಗೆ ದಾರಿ ತಪ್ಪಬಾರದು ಅಂತ. ಬೈದು ಬೈದು ಕಲಿಸಿದ್ರಿ." ಸಾಹೇಬರು ಹೋದರು, ಚಾಚಾ ಹೋದರು. ತಟ್ಟಿ ಈಗ ವಕೀಲರ ಮನೆಗೆ, ವ್ಯಾಪಾರಿಗಳ ಮನೆಗೆ ಇಳಿದುಬಂದಿದೆ. ಅಲ್ಲಿಂದ ಕೆಳಗೆ ಇಳಿದಿಲ್ಲ.

ಬೇರು ಬರುವುದು ಮಮದಾಪುರದ ಕೆರೆಯ ಅಂಚಿನಿಂದ. ಚಳಿಗಾಲದಲ್ಲಿ ಬಬಲೇಶ್ವರದವರೆಗೆ ಬಸ್ಸು ಹಿಡಿದು, ಅಲ್ಲಿಂದ ಸಿಕ್ಕ ಚಕ್ಕಡಿಯಲ್ಲಿ ಕೂತು, ಕೆರೆದಂಡೆಯಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಬೇರು ಬಿಡಿಸುತ್ತಾರೆ. ಎರೆಮಣ್ಣು ಬೇರನ್ನು ಸುಲಭಕ್ಕೆ ಬಿಡುವುದಿಲ್ಲ. ಅವರ ಬಲಗೈಯ ಎರಡು ಬೆರಳು ಈಗ ಪೂರ್ತಿ ಮಡಚಿಕೊಳ್ಳುವುದಿಲ್ಲ. ಶಿವರಾತ್ರಿಯಿಂದ ಮಳೆಗಾಲದ ಮೊದಲ ಮಿರಗದ ಮಳೆಯವರೆಗೆ ತಟ್ಟಿಯ ಕೆಲಸ. ಆಮೇಲೆ ಸಿಕ್ಕ ಹೊಲದ ಕೂಲಿ. ಮಳೆ ಬಂದು ಊರೆಲ್ಲ ಹಿಗ್ಗುವ ದಿನ ಇವರ ಅನ್ನಕ್ಕೆ ಕಲ್ಲು ಬೀಳುತ್ತದೆ. ಆದರೂ ಇವರು ಮಳೆಯನ್ನು ಬೈದದ್ದನ್ನು ಯಾರೂ ಕೇಳಿಲ್ಲ.

ಬೇರು ಅಗೆಯಲು ಹೋದಲ್ಲೇ ಹೆಣ್ಣೂ ಸಿಕ್ಕಿತು. ಸತ್ಯವ್ವ ಮಮದಾಪುರದವರು. ಕೆರೆಯ ನೀರಲ್ಲಿ ಬೇರು ತೊಳೆಯುವ ಕೂಲಿಗೆ ಬರುತ್ತಿದ್ದರು. ಮದುವೆಯಾಗಿ ವಿಜಾಪುರದ ಓಣಿಗೆ ಬಂದ ಮೇಲೂ ಬೇರು ತೊಳೆದು, ಹರವಿ, ಒಣಗಿಸುವುದು ಅವರದೇ ಕೆಲಸ. ಮಕ್ಕಳು ಹುಟ್ಟಿದವು, ಉಳಿಯಲಿಲ್ಲ. ಏಳೆಂಟು ವರ್ಷದ ಹಿಂದೆ ಕೇರಿಯ ಹಲವು ಮನೆಗಳವರ ಜೊತೆ ಗಂಡ ಹೆಂಡತಿ ಇಬ್ಬರೂ ಬುದ್ಧನನ್ನು ಒಪ್ಪಿದರು. ಮನೆಯ ಗೋಡೆಗೆ ಒಂದು ಬುದ್ಧನ ಪಟ ಬಂತು. ಆ ಗೋಡೆ ಬಿಟ್ಟರೆ ಮನೆಯಲ್ಲಿರುವುದು ತಗಡಿನ ಮಾಡು, ಒಂದು ಬಾಗಿಲು. ಕಿಟಕಿಯಿಲ್ಲ.

ಊರಿನ ಎಷ್ಟೋ ಮನೆಗಳಿಗೆ ತಂಪು ತಂದ ಈ ಮನುಷ್ಯ ಒಮ್ಮೆಯೂ ತಟ್ಟಿಯ ಒಳಗಿನ ಬದಿಯಲ್ಲಿ ಕೂತಿಲ್ಲ. ಕಟ್ಟುವುದು ಹೊರಗಿನಿಂದ, ನೋಡುವುದು ಹೊರಗಿನಿಂದ. ಹೊರಗೆ ನಿಂತವರಿಗೆ ತಟ್ಟಿಯಿಂದ ಸಿಗುವುದು ನಾಲ್ಕು ಹನಿ ಕೆಸರು ಮತ್ತು ವಾಸನೆ. ತಾವು ಮಾಡುವ ಕೆಲಸ ಏನು ಮಾಡುತ್ತದೆ ಎಂಬುದು ಬಹಳ ವರ್ಷ ಅವರಿಗೆ ಮಂದಿಯ ಮಾತಿನಿಂದಷ್ಟೇ ಗೊತ್ತಿತ್ತು. "ಚಲೋ ಐತಿ ಅಂತಿದ್ರು, ಇಲ್ಲಾ ಚಲೋ ಇಲ್ಲ ಅಂತಿದ್ರು. ಹೆಂಗ ಚಲೋ ಅಂತ ಯಾರೂ ಹೇಳ್ತಿರ್ಲಿಲ್ರಿ." ಹೇಳಿದವರು ಸತ್ಯವ್ವ ಒಬ್ಬರೇ, ಅದೂ ಹೋದ ಬೇಸಿಗೆಯಲ್ಲಿ.

ಹೋದ ಬೇಸಿಗೆಗೆ ಮುಂಚೆಯೇ ಸತ್ಯವ್ವನವರ ಎದೆ ಸೋತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ರಾತ್ರಿಯೆಲ್ಲ ಕೆಮ್ಮು, ಸಂಜೆಯಾದರೆ ಕಾಲು ಬಾವು. ಡಾಕ್ಟರು ನೋಡಿ, ಗುಳಿಗೆ ಕೊಟ್ಟು, ಸೆಕೆಯಲ್ಲಿ ಮಾತ್ರ ಇಡಬೇಡ ಎಂದರು. ತಗಡಿನ ಮನೆಯವನಿಗೆ ಹೇಳುವುದು ಸುಲಭದ ಮಾತು. ಮರೆಪ್ಪನವರು ತಮ್ಮ ಬಾಗಿಲಿಗೇ ಒಂದು ತಟ್ಟಿ ಕಟ್ಟಲು ನೋಡಿದರು. ಎದುರಿಗೆ ಕಿಟಕಿಯಿಲ್ಲದ ಮನೆಯಲ್ಲಿ ಅದು ಬರೀ ಹಬೆ ತುಂಬಿತು. ಓಣಿಯ ನಲ್ಲಿಯೋ ದಿನ ಬಿಟ್ಟು ದಿನ ಬರುತ್ತಿತ್ತು. ಕುಡಿಯುವ ನೀರನ್ನು ಬೇರಿಗೆ ಹೊಡೆಯಬೇಡಿ ಎಂದು ಸತ್ಯವ್ವನವರೇ ಅದನ್ನು ಬಿಚ್ಚಿಸಿದರು.

ಆ ಹೊತ್ತಿಗೇ ಗುರಲಿಂಗಪ್ಪನವರಿಂದ ಕರೆ ಬಂತು. ಶಂಕ್ರೆವ್ವನವರನ್ನು ನಡುವಿನ ಕೋಣೆಯಲ್ಲಿ ಇಡೋಣವೋ ಹಿಂದಿನ ಕೋಣೆಯಲ್ಲೋ, ತಟ್ಟಿ ಎಲ್ಲಿ ಚೆನ್ನಾಗಿ ಕೂರುತ್ತದೆ ಎಂದು ಕೇಳಿದರು. "ನಡುವಿಂದೂ ಆಗತಿತ್ತು, ಹಿಂದಿಂದೂ ಆಗತಿತ್ರಿ. ನಾ ಹಿಂದಿಂದು ಅಂದೆ." ಮರೆಪ್ಪನವರು ಇದನ್ನು ಹೇಳುವಾಗ ನೆಲ ನೋಡುತ್ತಾರೆ. ತಟ್ಟಿ ಕಟ್ಟಿದ ದಿನವೇ ಓಣಿಯಲ್ಲಿ, ಆ ಹಿಂದಿನ ಕಿಟಕಿಯ ಕೆಳಗೆ ಹೆಂಡತಿ ಮಲಗುವ ಹಗ್ಗದ ಹೊರಸು ಹಾಕಿದರು. ಮಧ್ಯಾಹ್ನದ ಹೊತ್ತು ಅಲ್ಲಿ ಆ ಮನೆಯದೇ ನೆರಳು. ಒಳಗೆ ಮುದುಕಿಯನ್ನು ತಣಿಸಿ ಹೊರಬಿದ್ದ ಗಾಳಿ ನೇರ ಸತ್ಯವ್ವನವರ ಮೇಲೆ ಇಳಿಯುತ್ತಿತ್ತು.

ಸಂಜೆ ಕೆಲಸದಿಂದ ಬಂದು ಮರೆಪ್ಪನವರು ಕೇಳಿದರು, "ಏನರ ಬರತೈತೇನ ಬೇ?"

"ಮಮದಾಪುರದ ಕೆರಿ ದಂಡಿಗೆ ಹೊತ್ತು ಮುಳಗೂ ಮುಂದ ಕುಂತಂಗ ಆಕ್ಕೈತ್ರಿ. ಅದ ವಾಸನಿ, ಅದ ತಂಪು. ಇಷ್ಟು ದಿನಾ ಇಂಥಾದ್ದನ್ನ ಮಂದಿಗೆ ಮಾಡಿ ಕೊಟ್ಟೀರೇನು?"

ಇಪ್ಪತ್ತೈದು ವರ್ಷದ ದುಡಿಮೆಯಲ್ಲಿ ಅವರಿಗೆ ಸಿಕ್ಕ ಹೊಗಳಿಕೆ ಅದೊಂದೇ. ದಿನವೂ ಸಂಜೆ ಬಂದು ಕೇಳಿದರು, ದಿನವೂ ಸತ್ಯವ್ವ ಹೇಳಿದರು. ಇವತ್ತು ಕೆರೆಯ ನಡುಗಡ್ಡೆಯವರೆಗೆ ಹೋಗಿ ಬಂದೆ ಎನ್ನುವರು. ಇವತ್ತು ಒಂದು ನಿದ್ದೆ ತೆಗೆದೆ, ಕನಸಲ್ಲಿ ಬೇರು ತೊಳೆಯುತ್ತಿದ್ದೆ ಎನ್ನುವರು. ಕೆಮ್ಮು ಕಡಿಮೆಯಾದಂತೆಯೂ ಇತ್ತು.

ಆ ಕಿಟಕಿಯಲ್ಲಿ ಗಾಳಿಯಷ್ಟೇ ಅಲ್ಲ, ಮಾತೂ ಹಾಯತೊಡಗಿತು. ಒಳಗೆ ಮಲಗಿದ ಶಂಕ್ರೆವ್ವನವರಿಗೆ ಹೊರಗಿನ ಕೆಮ್ಮು ಕೇಳಿಸಿತು. "ಅರ್ಧಾ ಮೈ ಸತ್ತೈತಿ, ಕಿವಿ ನಾಲಗಿ ಸತ್ತಿಲ್ಲ ನೋಡು" ಎನ್ನುವ ಮುದುಕಿ ಅವರು. ಆ ಮಧ್ಯಾಹ್ನದ ಮಾತು ಅವರಿಗೆ ಈಗಲೂ ಬಾಯಿಪಾಠ. "ಯಾರವಾ ಹೊರಗ ಅಂದೆ. ನಾನ್ರಿ ಆಯಿ, ಮರೆಪ್ಪನ ಮನಿಯಾಕಿ ಅಂದ್ಳು. ಕೆಮ್ಮು ಬಾಳ ಐತಲ್ಲ ಅಂದೆ. ನಿಮ್ಮ ಗಾಳಿ ಬರಾಕತ್ತಿದಾಗಿಂದ ಕಡಿಮಿ ಆಗೈತ್ರಿ ಅಂದ್ಳು." ಶಂಕ್ರೆವ್ವನವರ ತವರು ಬಬಲೇಶ್ವರ, ಮಮದಾಪುರದ ಕೆರೆ ಅವರಿಗೂ ಗೊತ್ತು. ಒಬ್ಬರ ಮುಖ ಇನ್ನೊಬ್ಬರು ನೋಡದೆ, ಗೋಡೆಯ ಆಚೆ ಈಚೆ ಮಲಗಿ, ಇಬ್ಬರೂ ಆ ಬೇಸಿಗೆಯ ಮಧ್ಯಾಹ್ನಗಳನ್ನು ಕೆರೆಯ ಮಾತಾಡಿ ಕಳೆದರು. ಗಂಡಸರಿಗೆ ಇದು ಗೊತ್ತೇ ಇರಲಿಲ್ಲ.

ವೈಶಾಖದಲ್ಲಿ ಗುರಲಿಂಗಪ್ಪನವರ ಮನೆಗೆ ಬೀಗರು ಬಂದರು. ಮಾಳಿಗೆ ಏರಿ ನಿಂತ ಬೀಗರೊಬ್ಬರು ಓಣಿಯತ್ತ ಬಗ್ಗಿ ನೋಡಿದರು. ಊಟಕ್ಕೆ ಕೂತಾಗ ನಗುತ್ತ ಹೇಳಿದರು, "ವಾಳಾ ನಿಂದು, ನೀರು ನಿಂದು. ತಂಪು ಮಾತ್ರ ಕೇರಿಗೆ ಹೊಂಟೈತಲ್ಲೋ ಗುರಲಿಂಗಪ್ಪಾ." ಪಂಕ್ತಿಯವರೆಲ್ಲ ನಕ್ಕರು. ಗುರಲಿಂಗಪ್ಪನವರೂ ನಕ್ಕರು. ಆಮೇಲೆ ಅವರಿಗೆ ಮುಂಬಯಿಯ ಪೇಢಿ ನೆನಪಾಯಿತು. ಅಲ್ಲಿ ಬಾಗಿಲು ಕಿಟಕಿ ಎಲ್ಲ ಭದ್ರವಾಗಿ ಮುಚ್ಚಿದ್ದವು. ಯಾರಾದರೂ ಬಾಗಿಲು ತೆರೆದಿಟ್ಟರೆ ಗುಮಾಸ್ತ ಓಡಿಬಂದು ಮುಚ್ಚುತ್ತಿದ್ದ. ತಂಪಿರುವ ಕಡೆ ಕಿಟಕಿ ಮುಚ್ಚಬೇಕು ಎಂಬುದು ಅವರು ಕಣ್ಣಾರೆ ಕಂಡ ಸಂಗತಿ. ಅಂದೇ ಮಧ್ಯಾಹ್ನ ಹಿಂದಿನ ಕಿಟಕಿಯನ್ನು ಮುಚ್ಚಿಸಿ, ಅಡ್ಡಲಾಗಿ ಹಲಗೆ ಬಡಿಸಿದರು.

ಸಂಜೆ ಮರೆಪ್ಪನವರು ಬಂದಾಗ ಹೆಂಡತಿ ಹೊರಸಿನ ಮೇಲೆ ಎದ್ದು ಕೂತು ಉಸಿರಿಗೆ ಒದ್ದಾಡುತ್ತಿದ್ದರು. ತಲೆ ಎತ್ತಿದರೆ ಹಲಗೆ ಕಂಡಿತು. ಸುತ್ತಿ ಬಳಸಿ ಮುಂದಿನ ಅಂಗಳಕ್ಕೆ ಹೋಗಿ ಬೇವಿನ ಮರದ ಕೆಳಗೆ ನಿಂತರು.

"ಸಾವಕಾರ್ರ, ಹಿಂದಿಂದು ಮುಚ್ಚಿದರ ಆಯಿಗೆ ಉಸರು ಕಟ್ಟತೈತ್ರಿ."

"ನಾ ಮುಂಬೈದಾಗ ನೋಡೇನೋ. ಮುಚ್ಚಿದರನ ತಂಪು ಒಳಗ ಉಳೀತೈತಿ."

"ಅದು ಮಷೀನ್ರಿ. ಇದು ಗಾಳಿ."

ಗುರಲಿಂಗಪ್ಪನವರು ಅವರ ಮುಖವನ್ನೇ ನೋಡಿದರು. ಊಟದ ಪಂಕ್ತಿಯ ನಗು ಇನ್ನೂ ಅವರ ಕಿವಿಯಲ್ಲಿತ್ತು. "ನಿನಗ ಯಾರ ಚಿಂತಿ ಐತಿ ಅನ್ನೂದು ನನಗ ಗೊತ್ತಿಲ್ಲೇನು?" ಎಂದರು.

ಮರೆಪ್ಪನವರು ಬಂದ ದಾರಿಯಲ್ಲೇ ಓಣಿಗೆ ಹಿಂದಿರುಗಿದರು. ಏಕೆ ಎಂದು ಕೇಳಿದರೆ ಸುತಳಿ ಹೊಸೆಯುತ್ತಲೇ ಹೇಳುತ್ತಾರೆ. "ನಾ ಹೇಳಿದ್ದು ಖರೇನ ಇತ್ರಿ. ಆಯಿಗೂ ತ್ರಾಸ ಆಗೂದಿತ್ತು. ಆದರ ನಾ ಹೋಗಿದ್ದು ಆಯಿ ಸಲವಾಗಿ ಅಲ್ಲಲ್ರಿ, ಈಕಿ ಸಲವಾಗಿ. ಅವರು ಹಂಗ ಅಂದ ಕೂಡಲೆ ನನ್ನ ಮಾತು ನನಗ ಸುಳ್ಳು ಕೇಳಿಸ್ತು. ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ."

ಆಮೇಲಿನ ಕೆಲವು ದಿನ ವಿಜಾಪುರ ಹಂಚಿನಂತೆ ಕಾಯಿತು. ತಟ್ಟಿಗೆ ಕಾಳವ್ವ ಎಷ್ಟು ಹೊಡೆದರೂ ಒಳಗೆ ಗಾಳಿ ಆಡಲಿಲ್ಲ. ಗೋಡೆಗೆ ಬೂಸಲು ಬಂತು, ಹಾಸಿಗೆ ಜಿಬಿಜಿಬಿ ಎಂದಿತು. ಶಂಕ್ರೆವ್ವನವರು ಮೀನಿನಂತೆ ಬಾಯಿ ತೆರೆದು ಉಸಿರಾಡತೊಡಗಿದರು. ಮಗ ಬಂದರೆ ಸೆಕೆಯ ಮಾತು ಎತ್ತಲಿಲ್ಲ. "ಆಕಿ ದನಿ ಕೇಳವಲ್ದು. ಕಿಡಕಿ ತೆರಸು" ಎಂದರು. ಯಾರ ದನಿ ಎಂದು ಮಗನಿಗೆ ತಿಳಿಯಲಿಲ್ಲ. ಬುದ್ಧಿ ತಪ್ಪಿದೆ ಎಂದುಕೊಂಡರು. ಕಡೆಗೆ ಮುದುಕಿ ಹಟ ಹಿಡಿದರು: ಕಿಟಕಿ ತೆರೆಯುವವರೆಗೆ ಹನಿ ನೀರು ಮುಟ್ಟುವುದಿಲ್ಲ. ಒಂದು ಹಗಲು ಒಂದು ರಾತ್ರಿ ಮುಟ್ಟಲಿಲ್ಲ. ಮರುದಿನ ನೆತ್ತಿಯ ಹೊತ್ತಿಗೆ ಗುರಲಿಂಗಪ್ಪನವರು ಸೋತು, ಹಲಗೆ ಕೀಳಿಸಿದರು.

ಕಿಟಕಿ ತೆರೆದಾಗ ಒಳಗಿನ ಕೆಟ್ಟ ಗಾಳಿ ಹೊರಗೆ ಹೋಯಿತು. ಹೊರಗಿನಿಂದ ಒಳಕ್ಕೆ ಬಂದದ್ದು ಹೆಂಗಸರ ಅಳು. ಎದುರಿನ ಮನೆಯ ತಗಡಿನ ಕೆಳಗೆ, ಒಳಗೆ ಒಯ್ದಿದ್ದ ಹೊರಸಿನಿಂದ ಸತ್ಯವ್ವನವರನ್ನು ಎತ್ತಿ ನೆಲಕ್ಕೆ ಮಲಗಿಸುತ್ತಿದ್ದರು.

"ಕಿಡಕಿ ಮುಚ್ಚಿದ್ದಕ್ಕ ಹೋದಳು ಅಂತ ನಾ ಹೇಳೂದಿಲ್ರಿ" ಎನ್ನುತ್ತಾರೆ ಮರೆಪ್ಪನವರು. "ಹೋಗೂವಾಕಿನ ಇದ್ದಳು. ಡಾಕ್ಟರೂ ಹೇಳಿದ್ರು. ಆದರ ಕಿಡಕಿ ತೆರದಿದ್ದರ ಕಡೀಗೆ ಕೆರಿ ದಂಡಿಮ್ಯಾಲ ಹೋಗತಿದ್ದಳು. ತಗಡಿನ ಕೆಳಗ ಹೋಗಬಾರದಿತ್ತು."

ಗುರಲಿಂಗಪ್ಪನವರು ಕೆಟ್ಟವರಲ್ಲ. ಬರಗಾಲದಲ್ಲಿ ಕೇರಿಗೆ ಜೋಳ ಕೊಟ್ಟವರು. ಆ ದಿನದ ಮಾತು ತೆಗೆದರೆ ತಕ್ಕಡಿಯ ಮೇಲೆ ಕೈಯಿಟ್ಟು ಕೂರುತ್ತಾರೆ. "ಅದು ಬ್ಯಾರೆ, ಇದು ಬ್ಯಾರೆ ಅಂತ ನನಗ ಗೊತ್ತಾಗಲಿಲ್ರಿ" ಎಂದಷ್ಟೇ ಹೇಳಿ, ಗಿರಾಕಿಯ ಕಡೆ ತಿರುಗುತ್ತಾರೆ. ಯಂತ್ರದ ತಂಪಿಗೂ ತಟ್ಟಿಯ ತಂಪಿಗೂ ಇರುವ ಅಂತರ ಗೊತ್ತಾಗದೆ ಇರಬಹುದು, ಅದು ತಪ್ಪಲ್ಲ. ಗೊತ್ತಿದ್ದವರು ಅಂಗಳದಲ್ಲಿ ನಿಂತು ಹೇಳಿದರೂ ಕೇಳದಂತೆ ಮಾಡಿದ್ದು ಯಾವುದು ಎಂಬುದನ್ನು ಮನೆ ತಂಪು ಮಾಡಿಸುವ ಯಜಮಾನರೆಲ್ಲ ಒಮ್ಮೆ ಯೋಚಿಸಬೇಕು. ತಟ್ಟಿಯ ಖರ್ಚಿನಲ್ಲಿ ಅದನ್ನೂ ಹಿಡಿಯಬೇಕು.

ಈ ವರ್ಷ ಶಿವರಾತ್ರಿ ಮುಗಿದಾಗ ಮರೆಪ್ಪನವರನ್ನು ಕರೆಯುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಒಂದು ಮುಂಜಾನೆ ಅವರೇ ಹೊಸ ತಟ್ಟಿ ಹೊತ್ತು ಅಂಗಳಕ್ಕೆ ಬಂದರು. ಅದರ ಬಿದಿರು ಬಿರುಕು ಬಿಟ್ಟಿದ್ದರಿಂದ ಇವತ್ತು ಕಟ್ಟಿದ್ದು ಎರಡನೆಯದು. "ಬರೂದಿಲ್ಲ ಅನ್ಕೊಂಡಿದ್ವಿ" ಎನ್ನುತ್ತಾರೆ ಕಾಳವ್ವ. "ನನಗ ಅವನ ಮಾರಿ ನೋಡಾಕ ಆಗಲಿಲ್ಲ. ನೀರು ಹೊಡ್ಯಾಕಿ ನಾನ. ಹಲಗಿ ಬಡ್ಯೂ ಮುಂದ ಮೊಳಿ ಹಿಡದಾಕಿನೂ ನಾನ." ಏಕೆ ಬಂದಿರಿ ಎಂದು ಕೇಳಿದರೆ ಮರೆಪ್ಪನವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. "ಆಯಿ ಅದಾರಲ್ರಿ ಒಳಗ" ಎನ್ನುತ್ತಾರೆ.

ಶಂಕ್ರೆವ್ವನವರು ಈಗಲೂ ಅದೇ ಹಿಂದಿನ ಕೋಣೆಯಲ್ಲಿದ್ದಾರೆ. ಕಿಟಕಿ ಹಗಲೂ ರಾತ್ರಿಯೂ ತೆರೆದೇ ಇರುತ್ತದೆ, ಚಳಿಗಾಲದಲ್ಲೂ ಮುಚ್ಚಗೊಡಲಿಲ್ಲವಂತೆ. ಓಣಿಯಲ್ಲಿ ಹೊರಸು ಮತ್ತೆ ಅದೇ ಜಾಗದಲ್ಲಿದೆ. ಮಧ್ಯಾಹ್ನವಾದರೆ ಕೇರಿಯ ಬಾಣಂತಿಯರು ಕೂಸುಗಳನ್ನು ತಂದು ಅದರ ಮೇಲೆ ಮಲಗಿಸುತ್ತಾರೆ, ಮುದುಕರು ಬಂದು ಅಂಚಿಗೆ ಕೂತು ತೂಕಡಿಸುತ್ತಾರೆ. ಯಾರಾದರೂ ಕೆಮ್ಮಿದರೆ ಒಳಗಿನಿಂದ ದನಿ ಬರುತ್ತದೆ, "ಯಾರವಾ ಹೊರಗ?" ಹೊರಗಿನವರು ಹೆಸರು ಹೇಳುತ್ತಾರೆ. ಆಮೇಲೆ ಒಳಗಿನಿಂದ ಮಾತು ಮುಂದುವರಿಯುವುದಿಲ್ಲ.

ಬಿಸಿಲು ಏರಿದೆ. ಬೆಳಗಿನ ತಟ್ಟಿ ಈಗ ನೀರು ಕುಡಿದು ತಣ್ಣಗೆ ಉಸಿರಾಡುತ್ತಿರಬೇಕು. ಮರೆಪ್ಪನವರು ಇನ್ನೊಂದು ಮನೆಯ ಕೆಲಸ ಮುಗಿಸಿ ಓಣಿಗೆ ಬಂದು, ತಮ್ಮ ಹೊಸ್ತಿಲ ಮೇಲೆ ರೊಟ್ಟಿಯ ಗಂಟು ಬಿಚ್ಚುತ್ತಾರೆ. ತಗಡು ಸುಡುತ್ತಿದೆ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿದೆ. ನಾಲ್ಕು ಮಾರು ಎದುರಿಗೆ ಕಿಟಕಿ, ಅದರ ಕೆಳಗೆ ಹೊರಸು. ಈ ಹೊತ್ತು ಅದರ ಮೇಲೆ ಯಾರೂ ಇಲ್ಲ. ಅಲ್ಲಿ ಕೂತು ಉಣ್ಣಬಾರದೇ ಎಂದರೆ ತಲೆ ಅಲ್ಲಾಡಿಸುತ್ತಾರೆ. ಈ ಬೇಸಿಗೆಯಲ್ಲಿ ಒಂದು ಸಲವೂ ಅಲ್ಲಿ ಕೂತಿಲ್ಲ, ಹೋದ ಬೇಸಿಗೆಯಲ್ಲೂ ಕೂತಿರಲಿಲ್ಲ.

"ಆಗ ಪುರುಸೊತ್ತು ಇರ್ಲಿಲ್ರಿ. ಆಕಿ ಮಲಗಿರತಿದ್ದಳು, ಜಾಗಾನೂ ಇರ್ಲಿಲ್ಲ."

ಈಗ?

ರೊಟ್ಟಿಯ ಒಂದು ತುಂಡು ಮುರಿಯುತ್ತಾರೆ. ಕಿಟಕಿಯ ಕಡೆ ಒಮ್ಮೆ ನೋಡಿ ಕಣ್ಣು ತೆಗೆಯುತ್ತಾರೆ.

"ಕೆರಿ ದಂಡಿಗೆ ಕುಂತಂಗ ಆಕ್ಕೈತಿ ಅಂತ ದಿನಾ ಹೇಳ್ತಿದ್ದಳ್ರಿ. ಅ‍ಷ್ಟ ತಂಪು ಇರತೈತೋ ಇಲ್ಲೋ ನನಗ ಗೊತ್ತಿಲ್ಲ. ಗಂಡ ದುಡದು ಹಣ್ಣಾಗಿ ಬಂದಾನ, ಅವಗ ಖುಷಿ ಆಗಲಿ ಅಂತ ಒಂದೀಟು ಹೆಚ್ಚ ಮಾಡಿ ಹೇಳಿದ್ದರೂ ಹೇಳಿದ್ದಾಳು. ನಾ ಅಲ್ಲಿ ಕುಂತೆ ಅಂದ್ರ ಗೊತ್ತಾಗಿ ಬಿಡತೈತ್ರಿ."

ರೊಟ್ಟಿಯನ್ನು ಮತ್ತೆ ಮುರಿಯುತ್ತಾರೆ.

"ಗೊತ್ತಾಗೂದು ಬ್ಯಾಡ್ರಿ."